ಕೊನೆಯ ಸಾಲು ಇಲ್ಲದ ಹಾಡು: ಯುವ ಬರಹಗಾರ್ತಿಗೆ ಒಂದು ಪತ್ರ

ಪ್ರೀತಿಯ ತಂಗಿ,

ನಿನ್ನ ಕರಡು ಓದಿದೆ. ಗದ್ಯ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಕೊನೆಯಲ್ಲಿ ಹಿಲ್ಡೆಬ್ರಾಂಡ್ ಮಗನ ಎದೆಗೆ ಕತ್ತಿ ಇಳಿಸಿ, ಹೆಣವನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಾನಲ್ಲ, ಆ ಪುಟ ಎಲ್ಲಿಂದ ಬಂತು? 'ಹಿಲ್ಡೆಬ್ರಾಂಡನ ಹಾಡು' ಅಂತ ಹೆಸರಿಟ್ಟಿದ್ದೀಯ, ಆದರೆ ತಂದೆ ಮಗ ಯುದ್ಧದಲ್ಲಿ ಎದುರಾಗುವ ಆ ಹಳೆಯ ಜರ್ಮನ್ ಹಾಡಿನಲ್ಲಿ ಅದಿಲ್ಲ. ಬರೆಯಬೇಡ ಅಂತ ನಾನು ಹೇಳುವುದಿಲ್ಲ. ಹಾಡು ಎಲ್ಲಿ ನಿಲ್ಲುತ್ತದೆ, ನೀನು ಎಲ್ಲಿಂದ ಶುರು ಮಾಡುತ್ತೀಯ ಅನ್ನುವುದು ಮೊದಲು ನಿನಗೆ ಗೊತ್ತಿರಬೇಕು, ಆಮೇಲೆ ಓದುವವರಿಗೂ ಗೊತ್ತಾಗಬೇಕು.

ಹಾಗಾಗಿ ಮೊದಲು ಆ ಹಾಳೆಗಳನ್ನು ನೋಡು. ಎರಡೇ ಎರಡು. ಜರ್ಮನಿಯ ಫುಲ್ಡಾ ಮಠದಲ್ಲಿ ಒಂದು ಲ್ಯಾಟಿನ್ ಧಾರ್ಮಿಕ ಪುಸ್ತಕ ಇತ್ತು. ಅದರ ಮೊದಲ ಮತ್ತು ಕೊನೆಯ ಹಾಳೆಯಲ್ಲಿ ಖಾಲಿ ಬಿಟ್ಟಿದ್ದ ಪುಟಗಳ ಮೇಲೆ, ಸುಮಾರು 830ರ ಹೊತ್ತಿಗೆ, ಇಬ್ಬರು ಈ ಹಾಡು ಬರೆದಿಟ್ಟರು. ಎರಡನೆಯವನು ಬರೆದದ್ದು ಕೆಲವೇ ಸಾಲು. ಒಟ್ಟು 68 ಸಾಲಿನ ಪದ್ಯ. ತಂದೆ ಮಗ ಈಟಿ ಎಸೆಯುತ್ತಾರೆ, ಗುರಾಣಿ ಕಡಿಯುತ್ತಾರೆ, ಲಿಂಡನ್ ಮರದ ಆ ಗುರಾಣಿಗಳು ಏಟು ತಿಂದು ತಿಂದು ಚಿಕ್ಕದಾಗುತ್ತವೆ. ಅಲ್ಲಿಗೆ ಪುಟ ಮುಗಿಯಿತು. ಯಾರು ಸತ್ತರು ಅಂತ ಅಲ್ಲಿಲ್ಲ.

ತಂದೆ ಮಗನನ್ನು ಕೊಂದ ಅನ್ನುವುದು ನಮಗೆ ಗೊತ್ತಿರುವುದು ಐಸ್‌ಲ್ಯಾಂಡಿನ ಒಂದು ಸಾಗಾದಿಂದ, ಅಂದರೆ ಹಳೆಯ ಗದ್ಯ ಕತೆಯಿಂದ. ಅದರಲ್ಲಿ ಸಾಯುತ್ತಿರುವ ಹಿಲ್ಡೆಬ್ರಾಂಡ್, ಮನಸ್ಸಿಲ್ಲದೆ ಮಗನ ಪ್ರಾಣ ತೆಗೆದೆ ಎಂದು ಹಾಡುತ್ತಾನೆ. ಹದಿನೈದನೆಯ ಶತಮಾನದ ಜರ್ಮನ್ ಹಾಡಿನಲ್ಲಿ ಇದೇ ಅಪ್ಪ ಮಗ ಒಬ್ಬರನ್ನೊಬ್ಬರು ಗುರುತಿಸಿ ಮನೆಗೆ ಹೋಗುತ್ತಾರೆ. ಬಭ್ರುವಾಹನ ಅರ್ಜುನನನ್ನು ಕೊಂದ ಕತೆ ಕೇಳಿ ಬೆಳೆದ ನಮಗೆ ಎರಡೂ ಕೊನೆಗಳು ಸಹಜ ಅನ್ನಿಸುತ್ತವೆ, ಅಲ್ವಾ? ಅಲ್ಲಿ ಸಾಯುವವನು ಅಪ್ಪ, ಕೊನೆಗೆ ಬದುಕಿಯೂ ಬರುತ್ತಾನೆ. ನಿನ್ನ ಕತೆಗೆ ಯಾವುದನ್ನು ಬೇಕಾದರೂ ಆರಿಸಿಕೋ. ಆರಿಸಿಕೊಂಡದ್ದು ನೀನು ಅಂತ ಹೇಳು, ಸಾಕು.

ಈಗ ಭಾಷೆ. ನೀನು ಇಂಗ್ಲಿಷ್ ಅನುವಾದ ಇಟ್ಟುಕೊಂಡು ಬರೆದದ್ದು ಗೊತ್ತಾಗುತ್ತದೆ. ಅನುವಾದದಲ್ಲಿ ಎಲ್ಲವೂ ನುಣುಪು. ಮೂಲದಲ್ಲಿ ಹಾಗಿಲ್ಲ. ಮಗ ತನ್ನ ಪರಿಚಯ ಹೇಳಿಕೊಳ್ಳುವ ಸಾಲು ನೋಡು: 'ಇಹ್ ಹೈಟ್ಟು ಹದುಬ್ರಂಟ್', ನನ್ನ ಹೆಸರು ಹದುಬ್ರಂಟ್. ದಕ್ಷಿಣದ ಜರ್ಮನ್‌ನಲ್ಲಿ ಈ 'ಹೈಟ್ಟು' ಇರಬೇಕಾದ ಜಾಗದಲ್ಲಿ 'ಟ' ಬರುವುದಿಲ್ಲ, 'ಝ' ಬರುತ್ತದೆ, ಕೆಲವೊಮ್ಮೆ ಒತ್ತಕ್ಷರವಾಗಿ. ಉತ್ತರದ ಸ್ಯಾಕ್ಸನ್‌ನಲ್ಲಿ 'ಟ' ಇದೆ, ಆದರೆ ಒಂದೇ. ಇಲ್ಲಿ ಮಾತ್ರ ಎರಡು 'ಟ'. ಅಂದರೆ ಈ ರೂಪವನ್ನು ಯಾರೂ ಬಾಯಲ್ಲಿ ಆಡಿರಲಿಲ್ಲ. ದಕ್ಷಿಣದ ಹಾಡನ್ನು ಉತ್ತರದ ಮಾತಿಗೆ ತರಲು ಹೊರಟ ಯಾರೋ ಒಬ್ಬ, ನಾವು 'ಝ' ಅನ್ನುವ ಕಡೆ ಅವರು 'ಟ' ಅನ್ನುತ್ತಾರೆ ಎಂದಷ್ಟೇ ತಿಳಿದು, ಒತ್ತಕ್ಷರದ ಜಾಗಕ್ಕೆ ಒತ್ತಕ್ಷರವನ್ನೇ ಹಾಕಿಬಿಟ್ಟ. ಯಾಕೆ ಹಾಗೆ ಮಾಡಿದ ಅಂತ ವಿದ್ವಾಂಸರು ಇವತ್ತಿಗೂ ವಾದ ಮಾಡುತ್ತಾರೆ. ಆದರೆ ಸಾವಿರದ ಇನ್ನೂರು ವರ್ಷದ ಹಿಂದಿನ ಒಬ್ಬ ಮನುಷ್ಯನ ಪ್ರಯತ್ನ ಆ ಎರಡು ಅಕ್ಷರದಲ್ಲಿ ಹಾಗೇ ಕಾಣುತ್ತಿದೆ ನೋಡು. ನಾನು ಈ ಓದಿಗೆ ಅಂಟಿಕೊಂಡದ್ದು ಇಂಥ ಜಾಗಗಳಿಂದ.

ಕಿವಿಯನ್ನೂ ತಯಾರು ಮಾಡಿಕೋ. ನಮ್ಮ ಹಳಗನ್ನಡ ಪದ್ಯಕ್ಕೆ ಎರಡನೆಯ ಅಕ್ಷರದ ಪ್ರಾಸ ಇದ್ದ ಹಾಗೆ ಇವರಿಗೆ ಪದದ ಮೊದಲ ಸದ್ದಿನ ಪ್ರಾಸ. 'ಹಿಲ್ಟಿಬ್ರಂಟ್ ಎಂಟಿ ಹದುಬ್ರಂಟ್ ಉಂಟರ್ ಹೆರಿಯುನ್ ತುಎಮ್', ಎರಡು ಸೇನೆಗಳ ನಡುವೆ ಹಿಲ್ಡೆಬ್ರಾಂಡ್ ಮತ್ತು ಹದುಬ್ರಾಂಡ್. ಜೋರಾಗಿ ಓದು, ಮೂರು 'ಹ' ಬಡಿಯುತ್ತವೆ. ಹಾಳೆಯಲ್ಲಿ ಇದನ್ನು ಸಾಲು ಮುರಿಯದೆ ಗದ್ಯದ ಹಾಗೆ ಬರೆದಿದ್ದಾರೆ. 1729ರಲ್ಲಿ ಮೊದಲು ಅಚ್ಚಾದಾಗಲೂ ಗದ್ಯ ಅಂತಲೇ ಅಂದುಕೊಂಡಿದ್ದರು. ಇದು ಪದ್ಯ ಎಂದು 1812ರಲ್ಲಿ ತೋರಿಸಿಕೊಟ್ಟವರು ಗ್ರಿಮ್ ಸಹೋದರರು, ಆ ಜಾನಪದ ಕತೆಗಳ ಗ್ರಿಮ್ ಸಹೋದರರೇ.

ಮೂಲ ದಕ್ಷಿಣದ್ದು ಅನ್ನುವುದಕ್ಕೂ ಈ ಪ್ರಾಸವೇ ಸಾಕ್ಷಿ. ಒಂದು ಸಾಲಿನಲ್ಲಿ ರಾಜ್ಯಕ್ಕೆ 'ರಿಖೆ', ಗಡೀಪಾರಾದವನಿಗೆ 'ರೆಕ್ಖೆಯೊ' ಅನ್ನುವ ಪದಗಳು ಜೋಡಿಯಾಗಿ ಬರುತ್ತವೆ. ಸ್ಯಾಕ್ಸನ್‌ನಲ್ಲಿ ಎರಡನೆಯದು 'ವ್ರೆಕ್ಕಿಯೊ' ಆಗುತ್ತದೆ, ಪ್ರಾಸ ಕೆಡುತ್ತದೆ.

ಇತಿಹಾಸದ ವಿಷಯದಲ್ಲಿ ಸ್ವಲ್ಪ ಹುಷಾರು. ಇಟಲಿಯ ದೊರೆ ಓಡೊಆಸರನ ದ್ವೇಷಕ್ಕೆ ಹೆದರಿ ಡೀಟ್ರಿಖ್ (ಗೋಥರ ರಾಜ ಥಿಯೊಡೊರಿಕ್‌ಗೆ ಜರ್ಮನ್ ಕತೆಗಳಲ್ಲಿ ಇರುವ ಹೆಸರು) ಪೂರ್ವಕ್ಕೆ ಓಡಿದ, ಹಿಲ್ಡೆಬ್ರಾಂಡ್ ಅವನ ಜೊತೆ ಹೋದ ಅನ್ನುತ್ತದೆ ಹಾಡು. ನಿಜದಲ್ಲಿ ನಡೆದದ್ದು ಉಲ್ಟಾ. ಇಟಲಿಗೆ ನುಗ್ಗಿದ್ದು ಥಿಯೊಡೊರಿಕ್, 493ರಲ್ಲಿ ರವೆನ್ನಾದಲ್ಲಿ ಓಡೊಆಸರನನ್ನು ಕೊಂದದ್ದೂ ಅವನೇ. ಗೆದ್ದವನನ್ನು ಕತೆ ಯಾಕೆ ದೇಶಭ್ರಷ್ಟನನ್ನಾಗಿ ಮಾಡಿತು? ಆ ಪ್ರಶ್ನೆ ಇಟ್ಟುಕೊಂಡು ಬರೆದರೆ ಒಳ್ಳೆಯ ಪ್ರಬಂಧವಾಗುತ್ತದೆ.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. 'ಶುದ್ಧ ಜರ್ಮನ್ ರಕ್ತದ ವೀರರು' ಅಂತ ಬರೆದಿದ್ದೀಯ. ಅದನ್ನು ಹೊಡೆದುಹಾಕು. ನಾಜಿಗಳು ಈ ಕತೆಗಳನ್ನು ಅದೇ ಮಾತಿಗೆ ಬಳಸಿಕೊಂಡರು. ಹಾಳೆ ಹೇಳುವುದೇ ಬೇರೆ. ಪುಸ್ತಕ ಲ್ಯಾಟಿನ್‌ನದು, ಮಾತು ಎರಡು ಸೀಮೆಯದು, 'ವ' ಸದ್ದಿಗೆ ಬಳಸಿದ ಅಕ್ಷರ ಇಂಗ್ಲೆಂಡಿನಿಂದ ಬಂದದ್ದು. ತಂದೆ ಮಗನ ಕಡೆ ಚಾಚುವ ತೋಳ್ಬಳೆ ರೋಮನ್ ಚಕ್ರವರ್ತಿಯ ಚಿನ್ನದ್ದು, ಕೊಟ್ಟವನು ಹೂಣರ ದೊರೆ. ಇದರಲ್ಲಿ ಶುದ್ಧ ಅನ್ನುವುದು ಎಲ್ಲಿದೆ ಹೇಳು.

ಹಾಳೆಗಳೂ ಕಷ್ಟ ಕಂಡಿವೆ. ಅಕ್ಷರ ಚೆನ್ನಾಗಿ ಕಾಣಲಿ ಎಂದು ಹಿಂದಿನವರು ರಾಸಾಯನಿಕ ಹಚ್ಚಿ ಕೆಲವು ಕಡೆ ಕಲೆ ಮಾಡಿಟ್ಟಿದ್ದಾರೆ. 1945ರಲ್ಲಿ ಪುಸ್ತಕ ಅಮೆರಿಕಕ್ಕೆ ಹೋಯಿತು. 1955ರಲ್ಲಿ ವಾಪಸ್ ಬಂದಾಗ ಮೊದಲ ಹಾಳೆ ಇರಲಿಲ್ಲ. ಅದು ಫಿಲಡೆಲ್ಫಿಯಾದಲ್ಲಿ ಸಿಕ್ಕಿ 1972ರಲ್ಲಿ ಕಾಸೆಲ್ ಊರಿನ ಗ್ರಂಥಾಲಯ ಸೇರಿತು. ಅಲ್ಲಿಯವರು ಹಾಕಿರುವ ಫೋಟೊಗಳನ್ನು ನೀನು ಮನೆಯಲ್ಲೇ ಕೂತು ದೊಡ್ಡದು ಮಾಡಿ ನೋಡಬಹುದು.

ಎಡ್ಡಾ ಪದ್ಯಗಳನ್ನೂ, ಅಂದರೆ ಐಸ್‌ಲ್ಯಾಂಡಿನ ಹಳೆಯ ದೇವತೆ-ವೀರರ ಪದ್ಯಗಳನ್ನೂ, ಈ ವರ್ಷವೇ ಓದುತ್ತೇನೆ ಅಂದಿದ್ದೀಯ. ಅವಸರ ಬೇಡ. ಅವುಗಳ ಸುಮಾರು 1270ರ ಐಸ್‌ಲ್ಯಾಂಡ್ ಕೈಬರಹದ ಪ್ರತಿಯಲ್ಲಿ ವೀರ ಸಿಗುರ್ಡ್‌ನ ಕತೆಯ ನಡುವೆಯೇ ಎಂಟು ಹಾಳೆ ಕಳೆದುಹೋಗಿವೆ. ಅಲ್ಲೇನಿತ್ತು ಅಂತ ಊಹಿಸುವುದಕ್ಕೆ ಗದ್ಯದ ಸಾಗಾ ಓದಬೇಕು, ಅದು ದೊಡ್ಡ ಕೆಲಸ. ಸದ್ಯಕ್ಕೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಈಗಿನ ಜರ್ಮನ್ ಕಲಿಯಲು ಸೇರಿಕೋ. ಜೊತೆಗೆ ಹಳೆಯ ಜರ್ಮನ್ ವ್ಯಾಕರಣ ಒಂದನ್ನು ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ಒಂದೆರಡು ಸಾಲು ಬಿಡಿಸು, ಸಾಕು. ಜಾಸ್ತಿ ಬೇಡ.

'ಇಹ್ ಹೈಟ್ಟು ಹದುಬ್ರಂಟ್' ಅನ್ನುವವರೆಗಿನ ಹದಿನೇಳು ಸಾಲನ್ನು ಕನ್ನಡಕ್ಕೆ ಮಾಡಿ ಕಳಿಸು. ಸರಾಗವಾಗಿ ಇರಬೇಕಿಲ್ಲ. ಅರ್ಥ ಖಚಿತವಿಲ್ಲದ ಪದದ ಕೆಳಗೆ ಗೆರೆ ಹಾಕು, ಅದರ ಪಕ್ಕ ನಿನ್ನ ಊಹೆ ಬರೆ. ನಾನು ಆ ಗೆರೆಗಳನ್ನೇ ಮೊದಲು ಓದುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ