ಮಳೆಗಾಲದಲ್ಲಿ ಕಾರಿಗೆ ಬಣ್ಣ: ತಪ್ಪು ಡಬ್ಬಿಯದಲ್ಲ

ಮಾನ್ಯ ಸಂಪಾದಕರೇ,

ಗಣೇಶ ಹಬ್ಬದೊಳಗೆ ಗಾಡಿ ಮಿಂಚಬೇಕೆಂದು ಬೆಳಗಾವಿಯಲ್ಲಿ ಜುಲೈ, ಆಗಸ್ಟ್‌ನಲ್ಲೇ ಕಾರುಗಳನ್ನು ಪೇಂಟಿಂಗಿಗೆ ಬಿಡುತ್ತಾರೆ. ಬಣ್ಣ ಹೊಡೆಯಲು ವರ್ಷದಲ್ಲಿ ಇದಕ್ಕಿಂತ ಕೆಟ್ಟ ಕಾಲವಿಲ್ಲ. ಆಮೇಲೆ ಹೊಳಪು ಮಂಕಾದರೆ ಬೈಗುಳ ಕಂಪನಿಯ ಡಬ್ಬಿಗೆ. ಎಷ್ಟೋ ಸಲ ಡಬ್ಬಿ ಸರಿಯಾಗಿಯೇ ಇರುತ್ತದೆ; ಕೆಡುವುದು ಕಲಸುವಾಗ.

ಬಣ್ಣ ತೆಳುವಾಗಲು ಬೆರೆಸುವ ಥಿನ್ನರ್ ಆರುವಾಗ ತಗಡಿನ ಶಾಖ ಎಳೆದುಕೊಳ್ಳುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ, ತಣ್ಣಗಾದ ಹಸಿ ಬಣ್ಣದ ಮೇಲೆ ನೀರು ಕೂಡುತ್ತದೆ. ಎನ್‌ಸಿ (ನೈಟ್ರೊಸೆಲ್ಯುಲೋಸ್) ಬಣ್ಣ ಬಿಳಿಚಿಕೊಳ್ಳುವುದು ಹೀಗೆ. ಥಿನ್ನರ್ ಬೇಗ ಆರಿದಷ್ಟೂ ಈ ಕಾಟ ಹೆಚ್ಚು. ಆದ್ದರಿಂದ ಮಳೆಯ ದಿನ ಬೇಗ ಒಣಗಲೆಂದು ಫಾಸ್ಟ್ ಥಿನ್ನರ್ ಸುರಿಯುವುದು ಉಲ್ಟಾ ಲೆಕ್ಕ; ನಿಧಾನ ಆರುವುದೇ ಬೇಕು. ವಿಜಯಪುರದ 40 ಡಿಗ್ರಿ ಬೇಸಿಗೆಗೂ ಅದೇ ಬೇಕು, ಆದರೆ ಕಾರಣ ಬೇರೆ: ಅಲ್ಲಿ ಹನಿ ತಗಡು ಮುಟ್ಟುವಷ್ಟರಲ್ಲೇ ಅರ್ಧ ಒಣಗಿ, ಹರಡಿಕೊಳ್ಳದೆ ತರಿತರಿಯಾಗಿ ನಿಲ್ಲುತ್ತದೆ.

ಬಣ್ಣ ಹೊಡೆಯುವ ಗನ್ನಿಗೆ ಗಾಳಿ ಕೊಡುವ ಕಂಪ್ರೆಸರಿನ ಟ್ಯಾಂಕಿನಲ್ಲೂ ನೀರು ಕೂಡುತ್ತದೆ; ಅದನ್ನು ಮಳೆಗಾಲದಲ್ಲಿ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಹೊರಬಿಡಬೇಕು. ನೀರಿನ ಫಿಲ್ಟರನ್ನು ಕಂಪ್ರೆಸರಿನ ಬಾಯಿಗೇ ಕೂರಿಸಿದರೆ ಪ್ರಯೋಜನ ಕಡಿಮೆ. ಅಲ್ಲಿ ಗಾಳಿ ಬಿಸಿಯಿರುವುದರಿಂದ ನೀರು ಆವಿಯಾಗಿಯೇ ದಾಟಿ ಹೋಗುತ್ತದೆ. ಪೈಪಿನಲ್ಲಿ ಗಾಳಿ ತಣ್ಣಗಾದ ಮೇಲೆ, ಗನ್ನಿನ ಕಡೆಗೆ ಹಾಕಬೇಕು.

ಇನ್ನು ಬಣ್ಣವನ್ನು ಗಟ್ಟಿ ಮಾಡುವ ಹಾರ್ಡನರ್. ಟೂ-ಕೆ ಕ್ಲಿಯರ್‌ಗೆ, ಅಂದರೆ ಹಾರ್ಡನರ್ ಬೆರೆಸಿ ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಲೇಪಕ್ಕೆ, ಬಹಳ ಕಡೆ ಎರಡು ಪಾಲು ಕ್ಲಿಯರಿಗೆ ಒಂದು ಪಾಲು ಹಾರ್ಡನರ್, ಮೇಲೆ ಶೇ 5ರಿಂದ 10 ಥಿನ್ನರ್. ಕೆಲವು ಕ್ಲಿಯರ್ 4:1 ಇರುತ್ತವೆ, ಡಬ್ಬಿಯ ಮೇಲಿನದೇ ಅಂತಿಮ. ಇದನ್ನು ಅಳತೆಯ ಕಪ್ಪಿನಲ್ಲಿ ಅಳೆಯಬೇಕೇ ಹೊರತು ಕಣ್ಣಂದಾಜಿನಲ್ಲಲ್ಲ. ಉಳಿತಾಯಕ್ಕೆಂದು ಹಾರ್ಡನರ್ ಕಡಿಮೆ ಹಾಕಿದರೆ ಕ್ಲಿಯರ್ ಮೆತ್ತಗೇ ಉಳಿದು, ಟ್ಯಾಂಕ್ ಮುಚ್ಚಳದ ಹತ್ತಿರ ಪೆಟ್ರೋಲ್ ಚೆಲ್ಲಿದಾಗ ಕಲೆ ಬೀಳುತ್ತದೆ. ಬೇಗ ಗಟ್ಟಿಯಾಗಲೆಂದು ಹೆಚ್ಚು ಹಾಕಿದರೆ ಪೆಡಸಾಗಿ ಬಿರುಕು ಬಿಡುತ್ತದೆ. ತೆರೆದಿಟ್ಟ ಹಾರ್ಡನರ್ ತೇವ ಹೀರಿ ಮಬ್ಬಾಗುತ್ತದೆ. ಅದನ್ನು ಎಸೆಯಿರಿ, ಸೋಸಿ ಬಳಸಬೇಡಿ.

ಮೆಟಾಲಿಕ್‌ನಲ್ಲಿ ಒಂದೇ ಡಬ್ಬಿಯ ಬಣ್ಣ ಎರಡು ಬಾಗಿಲಿಗೆ ಎರಡು ಶೇಡ್ ಕೊಡಬಲ್ಲದು. ಕೋಟ್ ತೀರಾ ಹಸಿಯಾದರೆ ಅಲ್ಯೂಮಿನಿಯಂ ಚೂರುಗಳು ಕೆಳಗಿಳಿದು ಬಣ್ಣ ಕಪ್ಪೇರುತ್ತದೆ; ಪ್ರೆಷರ್ ಏರಿಸಿ, ಗನ್ ದೂರ ಹಿಡಿದು ಒಣಗಾಗಿ ಹೊಡೆದರೆ ತಿಳಿಯಾಗುತ್ತದೆ. 1.3 ಎಂಎಂ ನಾಜಲ್, ಸುಮಾರು 2 ಬಾರ್ ಒತ್ತಡ, 15ರಿಂದ 20 ಸೆಂಟಿಮೀಟರ್ ದೂರ ಇಟ್ಟುಕೊಂಡು ಶುರು ಮಾಡಬಹುದು. ಹೊಳಪಾರಿ ಮಂಕಾದ ಮೇಲಷ್ಟೇ ಮುಂದಿನ ಕೋಟ್. ಬೇರೆ ಕಾಲದಲ್ಲಿ ಹತ್ತು ನಿಮಿಷ ಹಿಡಿಯುವುದು ಮಳೆಗಾಲದಲ್ಲಿ ಇಪ್ಪತ್ತಾದರೂ ಕಾಯಲೇಬೇಕು. ಶೇಡ್ ನೋಡುವುದಾದರೆ ತಗಡಿನ ತುಂಡಿಗೆ ಹೊಡೆದು, ಕ್ಲಿಯರ್ ಹಾಕಿ, ಹಗಲು ಬೆಳಕಿಗೆ ಹಿಡಿದು ನೇರವಾಗಿಯೂ ಓರೆಯಾಗಿಯೂ ನೋಡಿ. ಟ್ಯೂಬ್‌ಲೈಟಿನಡಿ ಒಪ್ಪಿದ ಶೇಡನ್ನು ನಂಬಬೇಡಿ.

ಗಿರಾಕಿಗಳಲ್ಲಿ ವಿನಂತಿ: ಎರಡೇ ದಿನದಲ್ಲಿ ಕೊಡಿ ಎಂದು ಪೇಂಟರನ ಕುತ್ತಿಗೆ ಹಿಡಿಯಬೇಡಿ. ಬಣ್ಣದ ಅಂಗಡಿಯವರು ಕಲಸುವ ಪ್ರಮಾಣವನ್ನು ಕನ್ನಡದಲ್ಲಿ, ಮರಾಠಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿದರೆ ಅರ್ಧ ಗೋಳು ತಪ್ಪುತ್ತದೆ.

ಗ್ಯಾರೇಜ್ ಮಾಲೀಕರಿಗೆ ಹೇಳಬೇಕಾದದ್ದು ಇದಕ್ಕಿಂತ ದೊಡ್ಡದು. ಹಾರ್ಡನರಿನಲ್ಲಿರುವ ಐಸೊಸಯನೇಟ್ ಉಸಿರಿಗೆ ಹೋದರೆ ಅಸ್ತಮಾ ತರುತ್ತದೆ. ಒಮ್ಮೆ ಮೈಗೆ ಒಗ್ಗದಾಯಿತೆಂದರೆ ಮುಂದೆ ತುಸು ಸೋಂಕಿದರೂ ಉಬ್ಬಸ. ಕಟ್ಟಿಕೊಂಡ ಟವೆಲ್, ಧೂಳಿನ ಮಾಸ್ಕ್ ಇದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಎಲ್ಲಕ್ಕಿಂತ ಒಳ್ಳೆಯದು. ಅದಾಗದಿದ್ದರೆ ಥಿನ್ನರಿನಂಥ ಆವಿ ಹೀರುವ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಮತ್ತು ಕಣಗಳ ಫಿಲ್ಟರ್ ಎರಡೂ ಇರುವ ಮಾಸ್ಕ್ ಕೊಡಿಸಿ. ಐಸೊಸಯನೇಟ್ ವಾಸನೆಯಿಂದ ಗೊತ್ತಾಗುವಂಥದ್ದಲ್ಲ, ಹಾಗಾಗಿ ವಾಸನೆ ಬರುವ ತನಕ ಕಾಯದೆ ಲೆಕ್ಕವಿಟ್ಟು ಕಾರ್ಟ್ರಿಡ್ಜ್ ಬದಲಿಸಿ. ಅದರ ಖರ್ಚನ್ನು ಥಿನ್ನರಿನ ಹಾಗೆ ಗಿರಾಕಿಯ ಬಿಲ್ಲಿಗೇ ಸೇರಿಸಿ. ಪೇಂಟರನ ಕೂಲಿಯಲ್ಲಿ ಹಿಡಿಯಬೇಡಿ.

– ಕಾರ್ ಪೇಂಟಿಂಗ್ ಕೆಲಸಗಾರರು, ಉದ್ಯಮಬಾಗ್, ಬೆಳಗಾವಿ