ಮಗಳಿಗೊಂದು ಪತ್ರ: ಮಾತ್ರೆ ಬಿಡುವ ಮುಂಚೆ

ಪುಟ್ಟಿ,

"ದಿನಾ ಓಡ್ತಾ ಇದ್ದೀನಿ ಅಪ್ಪ, ಇನ್ನು ಮಾತ್ರೆ ಬೇಡ ಅನ್ಸುತ್ತೆ" ಅಂತ ನೀನು ಕಳಿಸಿದ ಮೆಸೇಜನ್ನು ಅಮ್ಮ ಮತ್ತೆ ಮತ್ತೆ ಓದಿ ಖುಷಿಪಟ್ಟಳು. ಅವಳಿಗೆ ಕಂಡಿದ್ದು ಮೊದಲರ್ಧ. ನನ್ನ ತಲೆಯಲ್ಲಿ ಕೂತಿರುವುದು ಎರಡನೇ ಅರ್ಧ, ಖಿನ್ನತೆಯ ಮಾತ್ರೆ ಬಿಡುವ ಮಾತು. ಫೋನ್ ಮಾಡಿದರೆ ನಾನು ದನಿ ಏರಿಸುತ್ತೇನೆ, ನೀನು "ಹೂಂ, ಆಯ್ತು" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಆ ಕೆಟ್ಟ ತಿಂಗಳುಗಳ ಬಗ್ಗೆ ಏನೂ ಹೇಳುವುದಿಲ್ಲ. ಇಬ್ಬರಿಗೂ ಗೊತ್ತಿರುವುದೇ. ಆದರೆ ಒಂದು ಬೆಳಿಗ್ಗೆ ಮಾತ್ರ ನನ್ನನ್ನು ಬಿಡುತ್ತಿಲ್ಲ. ವಾಕಿಂಗ್‌ಗೆ ಹೋಗೋಣ ಬಾ ಅಂತ ನಾನೇ ಹೊರಡಿಸಿದ್ದೆ. ನೀನು ಮಂಚದ ಅಂಚಿನಲ್ಲಿ ಕೂತು ಒಂದು ಶೂ ಹಾಕಿಕೊಂಡೆ. ಇನ್ನೊಂದು ಕೈಯಲ್ಲೇ ಇತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ನೀನು ಅಳಲಿಲ್ಲ, ಬರಲ್ಲ ಅಂತಲೂ ಅನ್ನಲಿಲ್ಲ. ಕೈಯಲ್ಲಿದ್ದ ಶೂ ನೋಡುತ್ತಾ ಕೂತೇ ಇದ್ದೆ. ಎಷ್ಟು ಹೊತ್ತೋ. ಆಮೇಲೆ ಹಾಕಿಕೊಂಡಿದ್ದನ್ನೂ ಬಿಚ್ಚಿ, ಎರಡನ್ನೂ ನೀಟಾಗಿ ಜೋಡಿಸಿಟ್ಟು ಮಲಗಿಬಿಟ್ಟೆ. ನನಗೆ ಜಾಸ್ತಿ ಹೆದರಿಕೆಯಾಗಿದ್ದು ಆ ಜೋಡಿಸಿಟ್ಟ ರೀತಿ ನೋಡಿ. ಎತ್ತಿ ಎಸೆದಿದ್ದರೆ ಸಮಾಧಾನ ಆಗುತ್ತಿತ್ತೇನೋ. ಸಿಟ್ಟಾದರೂ ಉಳಿದಿದೆ ಅಂದುಕೊಳ್ಳುತ್ತಿದ್ದೆ. ಈಗಲೂ ಶೂ ಹಾಕಿಕೊಳ್ಳುವಾಗ ಎರಡನೆಯದನ್ನು ಎತ್ತಿಕೊಂಡರೆ ಒಂದು ಕ್ಷಣ ಕೈ ತಡೆಯುತ್ತದೆ.

ಆ ಹುಡುಗಿ ಈಗ ದಿನಾ ಓಡುತ್ತಿದ್ದಾಳೆ. ನೀನು ಓದಿನಲ್ಲಿ ಮೊದಲು ಬಂದಾಗಲೂ ನನಗೆ ಇಷ್ಟು ಹೆಮ್ಮೆ ಆಗಿರಲಿಲ್ಲ. ಇದನ್ನು ಮೊದಲೇ ಬರೆಯಬೇಕಿತ್ತು. ಹೆದರಿಕೆ ಮುಂದೆ ನುಗ್ಗಿತು, ಬೇಜಾರು ಮಾಡ್ಕೋಬೇಡ.

ನಗಬೇಡ, ಈ ವಿಷಯ ಕೂತು ಓದಿದ್ದೇನೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಖಿನ್ನತೆ ಇದ್ದ 156 ಜನರನ್ನು ಮೂರು ಗುಂಪು ಮಾಡಿದ್ದರು. ಒಂದಕ್ಕೆ ವ್ಯಾಯಾಮ, ಒಂದಕ್ಕೆ ಮಾತ್ರೆ, ಒಂದಕ್ಕೆ ಎರಡೂ. 16 ವಾರ ಆದ ಮೇಲೆ ಮೂರೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಸುಧಾರಿಸಿದ್ದವು. ಅಂದರೆ ವ್ಯಾಯಾಮದ ಬಗ್ಗೆ ನಿನ್ನ ನಂಬಿಕೆ ಸುಳ್ಳಲ್ಲ. ಆದರೆ ಅವರೆಲ್ಲ 50 ದಾಟಿದವರು. ವಾರಕ್ಕೆ 3 ಸಲ, ನೋಡಿಕೊಳ್ಳುವವರ ಮುಂದೆ, ಗುಂಪಿನಲ್ಲಿ ಮಾಡಿದವರು. ನೀನು ಒಬ್ಬಳೇ ಓಡುತ್ತೀಯ. ಇನ್ನೊಂದು ವಿಷಯ, ಶುರುವಿನಲ್ಲಿ ಬೇಗ ಗುಣ ಕಂಡಿದ್ದು ಬರೀ ಮಾತ್ರೆ ತೆಗೆದುಕೊಂಡವರಲ್ಲಿ. ನಿನಗೆ ಎದ್ದು ಎರಡನೇ ಶೂ ಹಾಕಿಕೊಳ್ಳುವ ಶಕ್ತಿ ಕೊಟ್ಟಿದ್ದು ಆ ಮಾತ್ರೆಯೇ ಇರಬಹುದಲ್ವಾ? ಈಗ ಓಟ ಬಂತು ಅಂತ ಅದನ್ನೇ ಆಚೆ ಕಳಿಸುತ್ತೀಯಾ?

ಇಂಥ ಮಾತ್ರೆಯನ್ನು ಏಕಾಏಕಿ ಬಿಟ್ಟರೆ ತಲೆಸುತ್ತು ಬರಬಹುದು, ನಿದ್ದೆ ಕೆಡಬಹುದು, ಸಿಡಿಮಿಡಿ ಶುರುವಾಗಬಹುದು. ಕಾಯಿಲೆ ತಿರುಗಿ ಬರುವ ಭಯ ಬೇರೆ. ಬಿಡುವುದಾದರೆ ಡಾಕ್ಟರೇ ಡೋಸ್ ಸ್ವಲ್ಪ ಸ್ವಲ್ಪ ಇಳಿಸುತ್ತಾರೆ. ಆರಾಮಾದ ಮೇಲೂ ಸಾಮಾನ್ಯವಾಗಿ 6 ತಿಂಗಳಾದರೂ ಮುಂದುವರಿಸಿ ಅನ್ನುತ್ತಾರೆ. ಜೀವನಪೂರ್ತಿ ನುಂಗು ಅಂತ ನಾನು ಹೇಳುತ್ತಿಲ್ಲ. ಒಬ್ಬಳೇ ತೀರ್ಮಾನ ಮಾಡಬೇಡ, ಅಷ್ಟೇ.

ಇನ್ನು ಓಟ. ಓಡಲಾಗದ ದಿನವೂ ಬರುತ್ತದೆ. ಮಳೆ ಬರುತ್ತದೆ, ಕೆಲಸ ಬೀಳುತ್ತದೆ, ಇಲ್ಲವೇ ಸುಮ್ನೆ ಆಗುವುದಿಲ್ಲ. ಅವತ್ತು "ಎಲ್ಲಾ ಮುಗೀತು" ಅಂದುಕೊಳ್ಳಬೇಡ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೂ ಸಾಕು ಅನ್ನುತ್ತದೆ. ಅಷ್ಟಾಗದಿದ್ದರೆ ಎಷ್ಟಾದರೆ ಅಷ್ಟೂ ಲೆಕ್ಕಕ್ಕೆ ಬರುತ್ತದಂತೆ. ಹತ್ತು ನಿಮಿಷ ನಡೆದು ವಾಪಸ್ ಬಾ. ಮನಸ್ಸು ಬರಲಿ ಅಂತ ಕಾಯಬೇಡ. ಈ ಕಾಯಿಲೆಯಲ್ಲಿ ಎಷ್ಟೋ ಸಲ ಕಾಲು ಮುಂದೆ ಹೋಗಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಹೊತ್ತಿಗೆ ಸರಿಯಾಗಿ ಮಲಗು. ಗೆಳತಿ ಯಾರಾದರೂ ಜೊತೆಗೆ ಬರುತ್ತಾರಾ ಕೇಳು. ಮೊಣಕಾಲು ನೋವು ಬಂದರೆ ಹಟ ಮಾಡಬೇಡ. ನೋಡು, ಭಾಷಣ ಮಾಡಲ್ಲ ಅಂದುಕೊಂಡೇ ಕೂತಿದ್ದೆ.

ಕತ್ತಲೆ ಮತ್ತೆ ಕವಿಯುತ್ತಿದೆ ಅನ್ನಿಸಿದರೆ, ಬದುಕೇ ಬೇಡ ಅನ್ನುವ ಯೋಚನೆ ಬಂದರೆ, ಓಡಿ ಸರಿಮಾಡಿಕೊಳ್ಳುತ್ತೇನೆ ಅಂತ ಕೂರಬೇಡ. ಎಷ್ಟೇ ಹೊತ್ತಾಗಿರಲಿ, ಫೋನ್ ಮಾಡು. ಅವತ್ತು ಭಾಷಣ ಇರುವುದಿಲ್ಲ.

ಮುಂದಿನ ಸಲ ಡಾಕ್ಟರ್ ಹತ್ತಿರ ಯಾವತ್ತು ಹೋಗುತ್ತೀಯ ಅಂತ ತಿಳಿಸು. ಓಡುತ್ತಿರುವ ವಿಷಯ ಅವರಿಗೂ ಹೇಳು. ಅಲ್ಲಿಯವರೆಗೆ ಮಾತ್ರೆ ತಪ್ಪಿಸಬೇಡ. ನಾನು ಜೊತೆಗೆ ಬರಲಾ ಬೇಡವಾ, ಅದನ್ನೂ ಹೇಳು. ಬೇಡ ಅಂದರೆ ಬರುವುದಿಲ್ಲ.

ನಿನ್ನ ಅಪ್ಪ