ಎದುರಾಳಿಯ ಅಂಗಳಕ್ಕೆ ಜೊತೆಯಾಗಿ ಕರೆದೊಯ್ದವರಿಗೆ

ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ನನ್ನ ಸ್ನಾತಕೋತ್ತರ ವ್ಯಾಸಂಗವು 2025ರ ಮೇ ತಿಂಗಳಲ್ಲಿ ಮುಗಿಯಿತು. ಅದರೊಂದಿಗೆ ಅಲ್ಲಿನ ಫುಟ್‌ಬಾಲ್ ತಂಡದಲ್ಲಿ ವಿದ್ಯಾರ್ಥಿ ಇಕ್ವಿಪ್‌ಮೆಂಟ್ ಮ್ಯಾನೇಜರ್ ಆಗಿ, ಅಂದರೆ ಆಟಗಾರರ ಉಡುಪು, ಹೆಲ್ಮೆಟ್, ಶೂ, ಚೆಂಡುಗಳ ಜವಾಬ್ದಾರಿ ಹೊತ್ತ ಹುಡುಗ ಹುಡುಗಿಯರಲ್ಲಿ ಒಬ್ಬಳಾಗಿ ಮಾಡುತ್ತಿದ್ದ ಕೆಲಸವೂ ಮುಗಿಯಿತು. ಪದವಿ ಬಂದ ಸುದ್ದಿ ಕೇಳಿ ಧಾರವಾಡದ ಬಂಧುಗಳೂ ಸ್ನೇಹಿತರೂ ಅಭಿನಂದಿಸಿ ಬರೆದರು. ಅವರಿಗೆಲ್ಲ ಪ್ರತ್ಯೇಕವಾಗಿ ಉತ್ತರಿಸಿದ್ದೇನೆ. ಈ ಬರಹ ಬೇರೆಯವರಿಗೆ ಸಲ್ಲಬೇಕಾದುದು. ತಂಡವು ಎದುರಾಳಿಗಳ ಊರಿಗೆ ಆಡಲು ಹೊರಟಾಗ ನನ್ನನ್ನು ಜೊತೆಯಲ್ಲಿ ಕರೆದೊಯ್ದವರಿಗೆ, ಆ ಊರುಗಳಲ್ಲಿ ನಮ್ಮನ್ನು ಬರಮಾಡಿಕೊಂಡವರಿಗೆ, ಹಿಂದೆ ನಿಂತು ನನ್ನ ಪ್ರಯಾಣಕ್ಕೆ ಅನುವು ಮಾಡಿಕೊಟ್ಟವರಿಗೆ ನಾನು ಋಣಿ. ಅವರಲ್ಲಿ ಹೆಚ್ಚಿನವರಿಗೆ ಕನ್ನಡ ಬಾರದು, ಅವರಿಗೆ ಹೇಳಬೇಕಾದುದನ್ನು ಎದುರಿಗೇ ಹೇಳಿ ಬಂದಿದ್ದೇನೆ. ಆದರೆ ಅವರು ಎಂಥವರು, ನನಗಾಗಿ ಏನು ಮಾಡಿದರು ಎಂಬುದು ನನ್ನ ಜನರಿಗೂ ತಿಳಿಯಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಇದು ನಮ್ಮೂರಿನ ಮೈದಾನಗಳಲ್ಲಿ ಕಾಲಿನಿಂದ ಒದ್ದು ಆಡುವ ಫುಟ್‌ಬಾಲ್ ಅಲ್ಲ. ಎರಡೂ ತುದಿ ಚೂಪಾದ ಚರ್ಮದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, 100 ಗಜದ ಅಂಗಳದ ತುದಿ ಮುಟ್ಟಿಸುವ, ಮೈಗೆ ಮೈ ಡಿಕ್ಕಿ ಹೊಡೆಯುವ ಆಟ. ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಸಾಮಾನ್ಯವಾಗಿ 12 ಪಂದ್ಯಗಳಿದ್ದು, ಅವುಗಳಲ್ಲಿ ಅರ್ಧದಷ್ಟು ಅಥವಾ ತುಸು ಕಡಿಮೆ ಪಂದ್ಯಗಳನ್ನು ಹೊರಗೆ ಹೋಗಿ ಆಡಬೇಕಾಗುತ್ತದೆ. ಮಿನ್ನೆಸೋಟ ಸೇರಿರುವ ಬಿಗ್ ಟೆನ್ ಒಕ್ಕೂಟವು 2024ರಲ್ಲಿ ಪಶ್ಚಿಮ ಕರಾವಳಿಯ ನಾಲ್ಕು ವಿಶ್ವವಿದ್ಯಾಲಯಗಳನ್ನು ಸೇರಿಸಿಕೊಂಡು 18 ಸದಸ್ಯರ ಒಕ್ಕೂಟವಾಯಿತು. ಹೀಗಾಗಿ ಒಂದೇ ಋತುವಿನಲ್ಲಿ ಪೆಸಿಫಿಕ್ ದಡದ ಕ್ಯಾಲಿಫೋರ್ನಿಯಕ್ಕೂ ಅಟ್ಲಾಂಟಿಕ್ ದಡದ ನ್ಯೂಜೆರ್ಸಿಗೂ ಹೋಗಿಬರಬೇಕಾಯಿತು. ಇಡೀ ತಂಡದ ಹೆಲ್ಮೆಟ್, ಭುಜಕವಚ, ಜೆರ್ಸಿ, ಎರಡು ಮೂರು ಬಗೆಯ ಶೂ, ಮಳೆಗೂ ಚಳಿಗೂ ಬೇಕಾದ ಬಟ್ಟೆ, ತರಬೇತುದಾರರ ಹೆಡ್‌ಸೆಟ್, ಬಿಡಿಭಾಗಗಳ ಪೆಟ್ಟಿಗೆ ಎಲ್ಲವೂ ನಮ್ಮ ಜೊತೆ ಹೊರಡಬೇಕು. ಮದುವೆಯ ದಿಬ್ಬಣ ಹೊರಡುವ ಮನೆಯಲ್ಲಿ ಹಿಂದಿನ ರಾತ್ರಿ ಕಾಣುವ ಗಡಿಬಿಡಿ ಅಲ್ಲಿ ವಾರದ ನಡುವೆಯೇ ಶುರುವಾಗುತ್ತಿತ್ತು.

ಮೊದಲ ನಮಸ್ಕಾರ ನಮ್ಮ ವಿಭಾಗದ ಹಿರಿಯರಿಗೆ. ಅಮೆರಿಕನ್ ಫುಟ್‌ಬಾಲಿನ ಒಂದು ಪಂದ್ಯವನ್ನೂ ಪೂರ್ತಿ ನೋಡಿರದ ಹುಡುಗಿಯೊಬ್ಬಳು ಕೆಲಸ ಕೇಳಿಕೊಂಡು ಬಂದಾಗ ಅವರು ಕೇಳಿದ್ದು ಎರಡೇ ಪ್ರಶ್ನೆ: ಬೆಳಗಿನ ಜಾವ ಎದ್ದು ಬರಬಲ್ಲೆಯಾ, ಎಣಿಸಿದ್ದನ್ನು ಮತ್ತೊಮ್ಮೆ ಎಣಿಸಲು ಬೇಸರಿಸುವುದಿಲ್ಲವಾ. ವಿದ್ಯಾರ್ಥಿ ವೀಸಾದಲ್ಲಿ ಇರುವವರು ತರಗತಿಗಳು ನಡೆಯುವ ಅವಧಿಯಲ್ಲಿ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಹೊರ ಊರಿನ ಪಂದ್ಯವಿದ್ದ ವಾರಗಳಲ್ಲಿ ನನ್ನ ಗಂಟೆಗಳನ್ನು ತಮ್ಮ ಪುಸ್ತಕದಲ್ಲಿ ತಾವೇ ಬರೆದಿಟ್ಟು, ಸೋಮವಾರ ಮಂಗಳವಾರದ ಅಭ್ಯಾಸಗಳಿಗೆ ನನ್ನನ್ನು ಕರೆಯದೆ ಬಿಟ್ಟು, ಆ ಮಿತಿ ಎಂದೂ ಮೀರದಂತೆ ನೋಡಿಕೊಂಡವರು ಅವರು. ಅಷ್ಟು ಕಾಳಜಿ ವಹಿಸುವ ಅಗತ್ಯ ಅವರಿಗಿರಲಿಲ್ಲ. ಸ್ಥಳೀಯ ವಿದ್ಯಾರ್ಥಿಯೊಬ್ಬರನ್ನು ಆರಿಸಿಕೊಂಡಿದ್ದರೆ ಅವರ ಕೆಲಸ ಎಷ್ಟೋ ಸುಲಭವಾಗುತ್ತಿತ್ತು.

ಅವರು ಕಲಿಸಿದ ವಿದ್ಯೆ ಯಾವ ತರಗತಿಯಲ್ಲೂ ಸಿಗುವಂಥದ್ದಲ್ಲ. ಕಾಲೇಜು ಫುಟ್‌ಬಾಲಿನಲ್ಲಿ ಪ್ರತಿ ತಂಡವೂ ತಾನು ಆಕ್ರಮಣಕ್ಕಿಳಿದಾಗ ತನ್ನದೇ ಚೆಂಡುಗಳನ್ನು ಬಳಸುತ್ತದೆ. ಹೊಸ ಚೆಂಡು ಜಾರುತ್ತದೆ. ಅದನ್ನು ಬ್ರಷ್ಷಿನಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಮತ್ತೆ ಉಜ್ಜಿ, ಚರ್ಮದ ಮೇಲಿನ ಹೊಳಪು ಹೋಗಿ ಬೆರಳಿಗೆ ಅಂಟುವ ಹದ ಬರುವವರೆಗೆ ದಿನಗಟ್ಟಲೆ ಸಿದ್ಧಪಡಿಸಬೇಕು. ಪಂದ್ಯಕ್ಕೆ ಮೊದಲು ತೀರ್ಪುಗಾರರು ಗಾಳಿಯ ಒತ್ತಡವನ್ನು ಪರೀಕ್ಷಿಸುತ್ತಾರೆ. ಅದು ಚದರ ಇಂಚಿಗೆ 12.5ರಿಂದ 13.5 ಪೌಂಡಿನ ನಡುವೆ ಇರಬೇಕು. ಹೊಲಿಗೆಯ ಮೇಲೆ ಬೆರಳಾಡಿಸಿ ಯಾವ ಚೆಂಡು ಹದಕ್ಕೆ ಬಂದಿದೆ, ಯಾವುದಕ್ಕೆ ಇನ್ನೂ ಎರಡು ದಿನ ಬೇಕು ಎಂದು ಹೇಳುವುದನ್ನು ನಾನು ಅವರ ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತು ಕಲಿತೆ.

ನಮ್ಮ ಟ್ರಕ್ಕಿನ ಚಾಲಕರಿಗೆ ನಾನು ಎಷ್ಟು ಕೃತಜ್ಞಳೆಂದು ಹೇಳುವುದು ಕಷ್ಟ. ತಂಡವು ವಿಮಾನದಲ್ಲಿ ಹೋದರೂ ಸಾಮಾನು ಹೋಗುವುದು ರಸ್ತೆಯಲ್ಲಿ. 2024ರ ಅಕ್ಟೋಬರ್ 12ರಂದು ಯುಸಿಎಲ್‌ಎ, ಅಂದರೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ವಿರುದ್ಧದ ಪಂದ್ಯ ಲಾಸ್ ಏಂಜಲೀಸ್ ಬಳಿಯ ಪ್ಯಾಸಡೀನಾದಲ್ಲಿ, 1922ರಲ್ಲಿ ಕಟ್ಟಿದ ರೋಸ್ ಬೌಲ್ ಕ್ರೀಡಾಂಗಣದಲ್ಲಿತ್ತು. ನಮ್ಮ ವಿಶ್ವವಿದ್ಯಾಲಯವಿರುವ ಮಿನಿಯಾಪೊಲಿಸ್‌ನಿಂದ ಅಲ್ಲಿಗೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ನಾವು ಇನ್ನೂ ಅಭ್ಯಾಸದ ಅಂಗಳದಲ್ಲಿ ಚೆಂಡು ಹೆಕ್ಕುತ್ತಿರುವಾಗಲೇ ಅವರು ಬಯಲುಗಳನ್ನೂ ಬೆಟ್ಟಗಳನ್ನೂ ದಾಟುತ್ತಿದ್ದರು. ನಮ್ಮ ತವರು ಅಂಗಳದಲ್ಲಿರುವುದು ಕೃತಕ ಹುಲ್ಲು, ರೋಸ್ ಬೌಲ್‌ನಲ್ಲಿರುವುದು ನಿಜವಾದ ಹುಲ್ಲು. ಆದ್ದರಿಂದ ಉದ್ದ ಮೊಳೆಗಳ ಶೂಗಳನ್ನು ಪ್ರತಿಯೊಬ್ಬ ಆಟಗಾರನ ಅಳತೆಯಲ್ಲೂ ಬೇರೆಯಾಗಿ ತುಂಬಬೇಕಾಗಿತ್ತು. ಶುಕ್ರವಾರ ನಾವು ಹೋಗಿ ನೋಡಿದರೆ ಒಂದು ಪೆಟ್ಟಿಗೆಯೂ ಸರಿದಿರಲಿಲ್ಲ. ಆ ಅಂಗಳದ ಬಗ್ಗೆ ನಮ್ಮ ತಂಡದ ಹಳಬರಿಗೆ ವಿಶೇಷ ಅಕ್ಕರೆ. 1962ರ ಜನವರಿ 1ರಂದು ಮಿನ್ನೆಸೋಟ ಇದೇ ರೋಸ್ ಬೌಲ್‌ನಲ್ಲಿ ಇದೇ ಯುಸಿಎಲ್‌ಎಯನ್ನು 21-3ರಿಂದ ಸೋಲಿಸಿತ್ತು. ಈ ಬಾರಿ 27 ಸೆಕೆಂಡು ಉಳಿದಿರುವಾಗ ಮ್ಯಾಕ್ಸ್ ಬ್ರಾಸ್ಮರ್ ಎಸೆದ ಚೆಂಡನ್ನು ಡೇರಿಯಸ್ ಟೇಲರ್ ಹಿಡಿದು, ಪಂದ್ಯ 21-17ರಿಂದ ನಮ್ಮದಾಯಿತು. ಆಟಗಾರರು ಕುಣಿಯುತ್ತಿದ್ದಾಗ ಚಾಲಕರು ಟ್ರಕ್ಕಿನ ಹಿಂಬಾಗಿಲು ತೆರೆದು ನಮ್ಮ ಪೆಟ್ಟಿಗೆಗಳಿಗಾಗಿ ಕಾಯುತ್ತಿದ್ದರು. ಗೆದ್ದ ಖುಷಿಯಲ್ಲಿ ಅವರ ಕೈಕುಲುಕಿದ ಕ್ಷಣ ನನಗೆ ಆ ಗೆಲುವಿನಷ್ಟೇ ಪ್ರಿಯ.

ಇನ್ನು ಹೆಚ್ಚಿನವರಿಗೆ ಗೊತ್ತೇ ಇಲ್ಲದ ಒಂದು ಬಳಗವಿದೆ. ಎದುರಾಳಿ ವಿಶ್ವವಿದ್ಯಾಲಯಗಳ ಸಲಕರಣೆ ವಿಭಾಗದವರನ್ನು ನೆನೆಯದೆ ಈ ಬರಹ ಪೂರ್ಣವಾಗದು. ಶನಿವಾರ ಸಾವಿರಾರು ಜನ ನಮ್ಮ ವಿರುದ್ಧ ಕೂಗುವ ಊರಿನಲ್ಲಿ, ಶುಕ್ರವಾರ ಸಂಜೆ ನಮ್ಮ ಟ್ರಕ್ಕಿಗೆ ದಾರಿ ತೋರಿಸಿ, ಕೊಠಡಿಯ ಬೀಗ ತೆಗೆದು, ಐಸ್ ಎಲ್ಲಿದೆ, ಬಟ್ಟೆ ಒಗೆಯುವ ಯಂತ್ರ ಎಲ್ಲಿದೆ, ಯಾವ ನಲ್ಲಿ ಕೆಟ್ಟಿದೆ ಎಂದು ಹೇಳುವವರು ಅವರೇ. ಒಂದು ಊರಿನಲ್ಲಿ ಪಂದ್ಯದ ನಡುವೆ ನಮ್ಮ ಆಟಗಾರನೊಬ್ಬನ ಹೆಲ್ಮೆಟ್ಟಿನ ಮುಖಜಾಲರಿಯನ್ನು ಹಿಡಿದಿಡುವ ಕ್ಲಿಪ್ ಮುರಿದು, ಆ ಮಾದರಿಯ ಬಿಡಿಭಾಗ ನಮ್ಮ ಪೆಟ್ಟಿಗೆಯಲ್ಲಿ ಮುಗಿದಿತ್ತು. ಎದುರು ಬದಿಗೆ ಸುದ್ದಿ ಹೋದದ್ದೇ ತಡ, ಅವರ ಹುಡುಗನೊಬ್ಬ ಅಂಗಳದ ಅಂಚಿನಲ್ಲಿ ಓಡಿ ಬಂದು ಒಂದಕ್ಕೆ ನಾಲ್ಕು ಕ್ಲಿಪ್ಪುಗಳನ್ನು ನನ್ನ ಅಂಗೈಗೆ ಸುರಿದು ಹೋದ. ಹೆಲ್ಮೆಟ್ ಸರಿಯಿಲ್ಲದೆ ಆಟಗಾರ ಹೊರಗೆ ಕೂತಿದ್ದರೆ ಲಾಭ ಅವರದೇ ಆಗಿತ್ತು. ಆಟದ ಪೈಪೋಟಿಯನ್ನು ಅಂಗಳದ ಗೆರೆಯೊಳಗೇ ಇಟ್ಟುಕೊಂಡಿರುವ ಈ ಜನರನ್ನು ನಾನು ಮನಸಾರೆ ಗೌರವಿಸುತ್ತೇನೆ.

ಮಿಷಿಗನ್ ವಿಶ್ವವಿದ್ಯಾಲಯದ ಊರಾದ ಆ್ಯನ್ ಆರ್ಬರ್‌ಗೆ ಹೋದಾಗ ನಮ್ಮ ವೃತ್ತಿಯವರಿಗೆಲ್ಲ ನೆನಪಾಗುವ ಕತೆಯೊಂದಿದೆ. 1903ರ ಅಕ್ಟೋಬರ್ 31ರಂದು ಮಿಷಿಗನ್ ತಂಡ ಮಿನಿಯಾಪೊಲಿಸ್‌ಗೆ ಬಂದಿತ್ತು. ಕುಡಿಯುವ ನೀರಿನ ಬಗ್ಗೆ ಅನುಮಾನವಿದ್ದ ತರಬೇತುದಾರ ಫೀಲ್ಡಿಂಗ್ ಯೋಸ್ಟ್ ಹೂಜಿಯೊಂದನ್ನು ಕೊಂಡು ತರುವಂತೆ ವಿದ್ಯಾರ್ಥಿ ಮ್ಯಾನೇಜರ್ ಟಾಮಿ ರಾಬರ್ಟ್ಸ್‌ಗೆ ಹೇಳಿದರು. ಅವರು 30 ಸೆಂಟ್ ಕೊಟ್ಟು ತಂದರು. ಪಂದ್ಯ 6-6ರಲ್ಲಿ ಸಮವಾಯಿತು, ಜನ ಅಂಗಳಕ್ಕೆ ನುಗ್ಗಿದರು, ಹೂಜಿ ಅಲ್ಲೇ ಉಳಿಯಿತು. ಅದನ್ನು ಎತ್ತಿಟ್ಟವರು ಮಿನ್ನೆಸೋಟದ ಸಲಕರಣೆಗಳನ್ನು ನೋಡಿಕೊಳ್ಳುತ್ತಿದ್ದ ಆಸ್ಕರ್ ಮನ್ಸನ್. ಬೇಕಾದರೆ ಗೆದ್ದು ಒಯ್ಯಿರಿ ಎಂದು ಮಿಷಿಗನ್ನಿಗೆ ಉತ್ತರ ಹೋಯಿತೆಂದು ಹೇಳುತ್ತಾರೆ. 1909ರಲ್ಲಿ ಅವರು ಗೆದ್ದು ಒಯ್ದರು. ಅಂದಿನಿಂದ ಆ ಹೂಜಿಯೇ ಎರಡು ತಂಡಗಳ ನಡುವಿನ ಪಾರಿತೋಷಕ. 2014ರ ನಂತರ ಅದು ನಮ್ಮ ಕಡೆಗೆ ಬಂದಿಲ್ಲ. 2024ರ ಸೆಪ್ಟೆಂಬರ್ 28ರಂದು, ಒಂದು ಲಕ್ಷ ಏಳು ಸಾವಿರಕ್ಕೂ ಹೆಚ್ಚು ಆಸನಗಳ ಆ ಕ್ರೀಡಾಂಗಣದಲ್ಲಿ 24-3ರಿಂದ ಹಿಂದಿದ್ದ ನಮ್ಮ ತಂಡ ಕೊನೆಯ ಕಾಲು ಭಾಗದಲ್ಲಿ 21 ಅಂಕ ಗಳಿಸಿತಾದರೂ 27-24ರಿಂದ ಸೋತಿತು. ನೂರಿಪ್ಪತ್ತು ವರ್ಷಗಳಿಂದ ಜನ ಆಡಿಕೊಳ್ಳುವ ಈ ಪಾರಿತೋಷಕದ ಮೂಲದಲ್ಲಿ ಇರುವವರು ಇಬ್ಬರೂ ನಮ್ಮಂಥ ಕೆಲಸಗಾರರು ಎಂಬುದು ನನಗೆ ಹೆಮ್ಮೆಯ ವಿಷಯ. ಅದೇ ಕಾರಣಕ್ಕೆ ನಮ್ಮ ಹಿರಿಯರು ಹೊರ ಊರಿನ ಕೊಠಡಿ ಬಿಡುವ ಮುನ್ನ ಪ್ರತಿ ಲಾಕರಿನ ಮೇಲೂ ಕೆಳಗೂ ಟಾರ್ಚ್ ಹಾಕಿ ನೋಡಿಸುತ್ತಿದ್ದರು.

ನನ್ನ ಜೊತೆಗಾರ ವಿದ್ಯಾರ್ಥಿಗಳಿಗೆ ನಾನು ಏನು ಹೇಳಲಿ? ಶುಕ್ರವಾರ ಸಂಜೆ ಖಾಲಿ ಕೊಠಡಿಯಲ್ಲಿ ಹೆಸರಿನ ಫಲಕ ಸಿಕ್ಕಿಸಿ, ಭುಜಕವಚದ ಮೇಲೆ ಜೆರ್ಸಿ ಎಳೆದು, ಶೂಗಳನ್ನು ಮುಂದಕ್ಕೆ ಮುಖಮಾಡಿ ಜೋಡಿಸಿದ್ದು ನಾವೆಲ್ಲ ಒಟ್ಟಿಗೆ. ಪಂದ್ಯ ಮುಗಿದ ಮೇಲೆ, ಬೆವರಿನಿಂದಲೋ ಮಳೆಯಿಂದಲೋ ತೊಯ್ದು ಎರಡು ಪಟ್ಟು ಭಾರವಾದ ಬಟ್ಟೆಗಳನ್ನು ಬಲೆಚೀಲಗಳಲ್ಲಿ ತುಂಬಿ, ಹೆಲ್ಮೆಟ್ಟುಗಳನ್ನು ಎರಡು ಸಲ ಎಣಿಸಿ, ಪೆಟ್ಟಿಗೆಗಳನ್ನು ಇಳಿಜಾರಿನಲ್ಲಿ ತಳ್ಳಿದ್ದೂ ಒಟ್ಟಿಗೆ. 2024ರಿಂದ ತರಬೇತುದಾರರು ಅಂಗಳದಲ್ಲಿರುವ ಒಬ್ಬ ಆಟಗಾರನ ಹೆಲ್ಮೆಟ್ಟಿನೊಳಗಿನ ರೇಡಿಯೋ ಮೂಲಕ ಮಾತನಾಡಬಹುದೆಂಬ ನಿಯಮ ಬಂದು, ಅಂಥ ಹೆಲ್ಮೆಟ್ಟಿಗೆ ಹಸಿರು ಚುಕ್ಕೆ ಅಂಟಿಸುವ ಕೆಲಸವೂ ನಮ್ಮ ಪಾಲಿಗೆ ಬಂತು. ಈ ಹೊಸ ಕೆಲಸವನ್ನು ತಾನು ಕಲಿತ ಗೆಳತಿ, ಆ ಸಂಜೆಯೇ ನನ್ನನ್ನು ಕೂರಿಸಿಕೊಂಡು ನನಗೂ ಕಲಿಸಿದಳು.

ಪರೀಕ್ಷೆಯೊಂದು ಹೊರ ಊರಿನ ಪಂದ್ಯದ ವಾರದಲ್ಲೇ ಬಿದ್ದಾಗ, ಹೋಟೆಲಿನ ಕೋಣೆಯೊಂದರಲ್ಲಿ ತಂಡದ ಶೈಕ್ಷಣಿಕ ಸಲಹೆಗಾರರ ಮೇಲ್ವಿಚಾರಣೆಯಲ್ಲಿ ಅದನ್ನು ಬರೆಯಲು ಒಪ್ಪಿದ ನನ್ನ ಪ್ರಾಧ್ಯಾಪಕರಿಗೆ ಧನ್ಯವಾದಗಳು. ಮಾಂಸಾಹಾರವೇ ಪ್ರಧಾನವಾದ ತಂಡದ ಊಟದ ಸಾಲಿನಲ್ಲಿ, ಯಾರೂ ಕೇಳದಿದ್ದರೂ ಅನ್ನ, ಬೀನ್ಸ್, ತರಕಾರಿಗಳ ತಟ್ಟೆಯೊಂದನ್ನು ನನಗಾಗಿ ಮುಚ್ಚಿಡುತ್ತಿದ್ದ ತಂಡದ ಪೌಷ್ಟಿಕತಜ್ಞೆಗೂ ಧನ್ಯವಾದಗಳು.

2024ರ ನವೆಂಬರ್ 9ರ ಪಂದ್ಯ ನ್ಯೂಜೆರ್ಸಿಯ ಪಿಸ್ಕಾಟವೇದಲ್ಲಿ, ರಟ್‌ಗರ್ಸ್ ವಿಶ್ವವಿದ್ಯಾಲಯದ ವಿರುದ್ಧ. ಅದರ ಹಿಂದಿನ ವಾರವಷ್ಟೇ ಇಲಿನಾಯ್‌ನಲ್ಲಿ ಆಡಿ 25-17ರಿಂದ ಗೆದ್ದು ಬಂದಿದ್ದ ನಮಗೆ ಬಹಳ ಆಯಾಸವಾಗಿತ್ತು. ಅಮೆರಿಕದ ಕಾಲೇಜು ಫುಟ್‌ಬಾಲಿನ ಮೊದಲ ಪಂದ್ಯ ನಡೆದದ್ದು ಅಲ್ಲೇ ಪಕ್ಕದ ನ್ಯೂ ಬ್ರನ್ಸ್‌ವಿಕ್‌ನಲ್ಲಿ, 1869ರ ನವೆಂಬರ್ 6ರಂದು. ಪ್ರಿನ್ಸ್‌ಟನ್ನಿನ ಹುಡುಗರು ರೈಲಿನಲ್ಲಿ ಬಂದು, ಬದಿಗೆ 25 ಜನರಂತೆ ಆಡಿ, ರಟ್‌ಗರ್ಸ್‌ಗೆ 6-4ರಿಂದ ಸೋತು ಹೋದರು. ಹೊರ ಊರಿನ ಪಂದ್ಯಕ್ಕೆ ಹೋದ ಮೊದಲ ತಂಡ ಅವರದೇ. ನಾವೂ ಅಲ್ಲಿ 26-19ರಿಂದ ಸೋತೆವು. ಆದರೆ ಆ ಪ್ರಯಾಣ ನನಗೆ ಪ್ರಿಯವಾದುದು ಬೇರೆ ಕಾರಣಕ್ಕೆ. ಸಮೀಪದ ಎಡಿಸನ್ ಕಡೆ ಭಾರತೀಯರು ಬಹಳ. ಅಪ್ಪನ ಹಳೆಯ ಸಹೋದ್ಯೋಗಿಯೊಬ್ಬರ ಮಗಳು ಅಲ್ಲಿ ನೆಲೆಸಿದ್ದಾರೆ. ನಾನು ಬರುವ ಸುದ್ದಿ ತಿಳಿದು, ಆ ಅಕ್ಕ ಮತ್ತು ಭಾವ ಶುಕ್ರವಾರ ರಾತ್ರಿ ನಮ್ಮ ಹೋಟೆಲಿಗೆ ಬಂದರು. ಕೈಯಲ್ಲಿ ಚಪಾತಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿಪುಡಿ, ಮೊಸರು. "ತಂಗಿ, ನಿನ್ನ ಜೋಡಿ ಇರೋರಿಗೂ ಸಾಲೂ ಹಂಗ ತಂದೇನಿ, ಎಲ್ಲಾರನೂ ಕರಿ" ಎಂದರು. ಲಾಬಿಯ ಮೂಲೆಯಲ್ಲಿ ನನ್ನ ಜೊತೆಗಾರರೆಲ್ಲ ಚಟ್ನಿಪುಡಿ ಹಚ್ಚಿದ ಚಪಾತಿ ತಿಂದರು. ಮರುದಿನ ಭಾವನವರು ಮೂರನೆಯ ಸಾಲಿನಲ್ಲಿ ನಿಂತು, ತಮ್ಮ ಊರಿನ ತಂಡವನ್ನು ಬಿಟ್ಟು ನಮ್ಮ ತಂಡಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ಅಕ್ಕಾ, ಭಾವಾ, ನಿಮ್ಮ ಉಪಕಾರ ದೊಡ್ಡದು.

ಕೊನೆಯ ಹೊರ ಊರಿನ ಪಂದ್ಯ ನವೆಂಬರ್ 29ರಂದು, ವಿಸ್ಕಾನ್ಸಿನ್ ವಿರುದ್ಧ ಮ್ಯಾಡಿಸನ್‌ನಲ್ಲಿ. ಹಿಂದಿನ ದಿನ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬ; ದೇಶಕ್ಕೆ ದೇಶವೇ ಮನೆ ಸೇರಿ ಊಟಕ್ಕೆ ಕೂರುವ ದಿನ. ಚಾಲಕರು, ತರಬೇತಿ ವಿಭಾಗದವರು, ನಮ್ಮ ಹಿರಿಯರು ತಮ್ಮ ಮಕ್ಕಳನ್ನು ಬಿಟ್ಟು ನಮ್ಮೊಡನೆ ಇದ್ದರು. ಈ ಎರಡು ತಂಡಗಳು 1890ರಿಂದ ಆಡುತ್ತಿವೆ. 1948ರಿಂದ ಗೆದ್ದವರಿಗೆ ಅಮೆರಿಕದ ಜನಪದ ಕತೆಗಳ ದೈತ್ಯ ಮರಕಡಿಯುವವ ಪಾಲ್ ಬನ್ಯನ್ ಹೆಸರಿನ ಕೊಡಲಿ ಪಾರಿತೋಷಕವಾಗಿ ಸಲ್ಲುತ್ತದೆ. ಅದರ ಉದ್ದನೆಯ ಹಿಡಿಯ ಮೇಲೆ ಹಿಂದಿನ ಪಂದ್ಯಗಳ ಅಂಕಗಳನ್ನು ಬರೆದಿರುತ್ತಾರೆ. 24-7ರಿಂದ ಗೆದ್ದು, ಹಿಂದಿನ ವರ್ಷ ಕಳೆದುಕೊಂಡಿದ್ದ ಕೊಡಲಿಯನ್ನು ನಮ್ಮವರು ಮರಳಿ ಪಡೆದರು. ಆ ಚಳಿಯಲ್ಲಿ ಬೆರಳು ಮರಗಟ್ಟಿದ್ದ ನನ್ನನ್ನು ಕರೆದು, ಕೊಡಲಿಯ ಹಿಡಿಯನ್ನು ಒಂದು ಕ್ಷಣ ಕೈಗೆ ಕೊಟ್ಟ ಹಿರಿಯ ಆಟಗಾರನಿಗೆ ನಾನು ಎಂದೆಂದಿಗೂ ಆಭಾರಿ. 2025ರ ಜನವರಿ 3ರಂದು, ಋತುವಿನ ಕೊನೆಗೆ ಯಾರ ತವರೂ ಅಲ್ಲದ ಊರಿನಲ್ಲಿ ಆಡುವ ಹೆಚ್ಚುವರಿ ಪಂದ್ಯದಲ್ಲಿ, ಶಾರ್ಲಟ್‌ನಲ್ಲಿ ವರ್ಜೀನಿಯಾ ಟೆಕ್ ಅನ್ನು 24-10ರಿಂದ ಸೋಲಿಸುವುದರೊಂದಿಗೆ ಋತು ಮುಗಿಯಿತು.

ಅಪ್ಪ, ಅವ್ವ, ಹೊರ ಊರಿಗೆ ಹೋದಾಗಲೆಲ್ಲ ಹೋಟೆಲಿನ ಹೆಸರು ಕೇಳಿ ಗೋಡೆಯ ನಕ್ಷೆಯಲ್ಲಿ ಗುರುತು ಹಾಕಿದಿರಿ. ಈ ಕೆಲಸ ಓದಿಗೆ ಅಡ್ಡಿಯಾದೀತು ಎಂದು ಒಂದು ದಿನವೂ ಹೇಳಲಿಲ್ಲ. ನೀವು ನನ್ನ ಮೇಲಿಟ್ಟ ಆ ನಂಬಿಕೆಯೇ ನನ್ನನ್ನು ಅಷ್ಟು ದೂರ ಒಯ್ದಿತು. ನಿಮಗೆ ನನ್ನ ಸಾಷ್ಟಾಂಗ ನಮಸ್ಕಾರ.

ಈಗ ನನ್ನ ಜಾಗಕ್ಕೆ ಹೊಸಬರು ಬಂದಿದ್ದಾರೆ. 2025ರ ಸೆಪ್ಟೆಂಬರ್ 13ರಂದು ತಂಡ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಆಡಿತು. ಅಕ್ಟೋಬರ್‌ನಲ್ಲಿ ಕೊಲಂಬಸ್ ಮತ್ತು ಅಯೋವಾ ಸಿಟಿ, ನವೆಂಬರ್‌ನಲ್ಲಿ ಆರೆಗಾನ್‌ನ ಯೂಜೀನ್. ಬರ್ಕ್ಲಿಯ ಸುತ್ತಮುತ್ತ ಕನ್ನಡಿಗರು ಸಾಕಷ್ಟು ಇದ್ದೀರಿ. ನಮ್ಮ ತಂಡದ ಪಂದ್ಯಕ್ಕೆ ಎಂದಾದರೂ ಹೋದರೆ, ಮಿನ್ನೆಸೋಟದ ಬೆಂಚಿನ ಹಿಂದೆ ಚೆಂಡಿನ ಚೀಲ ಹಿಡಿದು ನಿಂತಿರುವ ಹುಡುಗ ಹುಡುಗಿಯರನ್ನು ನನ್ನ ಪರವಾಗಿ ಒಮ್ಮೆ ಮಾತನಾಡಿಸಿ, ಧಾರವಾಡದವಳು ನೆನೆದಳೆಂದು ದಯವಿಟ್ಟು ತಿಳಿಸಿ.